ಕೊನೆಯ ಎರಡು ಪಾತಿ

ನನ್ನನ್ನು ಗಯ್ಯಾಳಿ ಅನ್ನುವವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅನ್ನಲಿ. ಸಂತೆಯಲ್ಲಿ ತೂಕ ಸರಿಯಿಲ್ಲ ಅಂತ ನಾನು ಬಾಯಿ ತೆಗೆದರೆ ತಕ್ಕಡಿಯವನು "ಬಂದ್ಲಪ್ಪಾ ಮಾರಾಯ್ತಿ" ಅಂತ ಪಕ್ಕದವನಿಗೆ ಕಣ್ಣು ಹೊಡೆಯುತ್ತಾನೆ. ಮಧುಗಿರಿ ಬಸ್ಸಿನಲ್ಲಿ ಕಂಡಕ್ಟರು ನನಗೆ ಮಾತ್ರ ಕೇಳುವ ಮೊದಲೇ ಚಿಲ್ಲರೆ ಕೊಡುತ್ತಾನೆ. ನಾನೇ ಹೆತ್ತ ಮಗಳು, "ಅಮ್ಮಾ, ನಿಂಗೆ ಅರವತ್ತು ದಾಟ್ತು, ಇನ್ನಾದರೂ ಸ್ವಲ್ಪ ಮೆತ್ತಗೆ ಮಾತಾಡಬಾರದಾ" ಅನ್ನುತ್ತಾಳೆ. ಮೆತ್ತಗೆ ಮಾತಾಡುವುದು ನನಗೆ ಬರೋದಿಲ್ಲ ಅಂತಲ್ಲ. ಮೆತ್ತಗೆ ಮಾತಾಡಿಕೊಂಡಿದ್ದರೆ ನಮ್ಮ ಮನೆ ಏನು ಕಳೆದುಕೊಳ್ಳುತ್ತಿತ್ತು ಅನ್ನುವುದು ನನಗೆ ಹತ್ತು ತುಂಬುವ ಮೊದಲೇ ಗೊತ್ತಾಗಿಹೋಯಿತು. ಈ ಬಾಯಿ ನನಗೆ ಬಂದದ್ದು ಹೊಂಗೆ ಹಳ್ಳದ ದಂಡೆಯ ಆ ಮನೆಯಲ್ಲಿ, ಒಂದೇ ಒಂದು ಬೇಸಿಗೆಯಲ್ಲಿ. ಅದಕ್ಕಾಗಿ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಹೊಂಗೆ ಹಳ್ಳ ಅಂದ ತಕ್ಷಣ ದೊಡ್ಡದೇನೋ ಅಂದುಕೊಳ್ಳಬೇಡಿ. ಹೊಸಬರು ಬೇಸಿಗೆಯಲ್ಲಿ ಬಂದರೆ ಇದು ಗಾಡಿ ದಾರಿ ಅಂದುಕೊಂಡು ದಾಟಿ ಹೋಗಿಬಿಡುತ್ತಾರೆ. ಬರೀ ಮರಳು, ಎರಡೂ ದಡಕ್ಕೆ ಹೊಂಗೆ ಮರ, ಅಲ್ಲಲ್ಲಿ ಲಕ್ಕಿ ಗಿಡದ ಪೊದೆ. ಮಳೆ ಬಿದ್ದ ನಾಲ್ಕು ದಿನ ಕೆಂಪಗೆ ಹರಿದು ಸದ್ದು ಮಾಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಆದರೆ ಮೇಲಿನ ಗೊಲ್ಲರಹಟ್ಟಿ, ನಡುವಿನ ನಮ್ಮೂರು, ಕೆಳಗಿನ ಪಾಳ್ಯ, ಮೂರೂ ಊರು ಬದುಕಿದ್ದು ಆ ಮರಳಿನ ಕೆಳಗಿದ್ದ ನೀರಿನಿಂದ. ಹಳ್ಳದ ಪಾತ್ರದಲ್ಲಿ ಊಟೆ, ಅಂದರೆ ನೀರಿನ ಬುಗ್ಗೆ, ಏಳುವ ಜಾಗ ನೋಡಿ ಹಿಂದಿನವರು ಆಳಕ್ಕೆ ತೋಡಿ, ಸುತ್ತ ಕಲ್ಲು ಕಟ್ಟಿ, ಅಲ್ಲಿಂದ ಹೊಲಗಳಿಗೆ ಕಾಲುವೆ ತೆಗೆದಿದ್ದರು. ಅದಕ್ಕೆ ತಲಪರಿಗೆ ಅನ್ನುತ್ತೇವೆ. ಏತ ಬೇಡ, ಪಂಪು ಬೇಡ, ನೀರು ತಾನೇ ಹೊಲಕ್ಕೆ ನಡೆದು ಬರುತ್ತದೆ. ಬಂದ ನೀರನ್ನು ಮನೆಮನೆಗೂ ಸರದಿಯ ಮೇಲೆ ಬಿಡುವುದಕ್ಕೆ ಒಬ್ಬ ನೀರುಗಂಟಿ. ನಮ್ಮ ಕಾಲದಲ್ಲಿ ಅವನು ಕರಿಯಣ್ಣ.

ನಮ್ಮ ಮನೆಗೆ ಮುಂಬಾಗಿಲು ಹೆಸರಿಗೆ ಮಾತ್ರ. ಬದುಕೆಲ್ಲ ಹಿತ್ತಲ ಬಾಗಿಲಲ್ಲಿ, ಯಾಕೆಂದರೆ ಅಲ್ಲಿಂದ ಹತ್ತು ಹೆಜ್ಜೆಗೆ ನಮ್ಮ ತೋಟ, ತೋಟದ ಆಚೆಗೆ ಹಳ್ಳ. ಒಂದು ಪಡಸಾಲೆ, ಒಂದು ಕೋಣೆ, ಹೊಗೆ ಹಿಡಿದ ಅಡಿಗೆಮನೆ. ಕೋಣೆ ತುಂಬ ಹುಣಸೆಹಣ್ಣಿನ ಗಡಿಗೆಗಳು, ಯಾಕೆಂದರೆ ನಮ್ಮಪ್ಪ ಹುಣಸೆಮರಗಳನ್ನು ಗುತ್ತಿಗೆಗೆ ಹಿಡಿದು ಕಾಯಿ ಇಳಿಸುತ್ತಿದ್ದ. ಅವನನ್ನು ನಾವು ಅಬ್ಬಾ ಅನ್ನುತ್ತಿದ್ದೆವು. ಪಡಸಾಲೆ ತುಂಬ ಒದ್ದೆ ಗೋಣಿಯ ಮೇಲೆ ಹೂವು. ಅರ್ಧ ಎಕರೆಯಲ್ಲಿ ಸೇವಂತಿಗೆ, ಕಾಕಡ, ಬದುವಿನ ಮೇಲೆ ಒಂದಿಷ್ಟು ಕನಕಾಂಬರ. ಅಮ್ಮ ಬೆಳಗಾಗುವಾಗಲೇ ಕೂತು ಮಾರುಗಟ್ಟಲೆ ಕಟ್ಟಿ ಮಧುಗಿರಿ ಬಸ್ಸಿಗೆ ಹಾಕುತ್ತಿದ್ದಳು. ಅವಳು ಶಿರಾ ಪೇಟೆಯಿಂದ ಮದುವೆಯಾಗಿ ಬಂದವಳು. ಊರಿಗೆಲ್ಲ ಅವಳು ಹೂವಿನ ಬೂಬಮ್ಮ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡ. ಊಟ ಅಂದರೆ ರಾಗಿಮುದ್ದೆ, ಹುಣಸೆ ಹಿಂಡಿದ ಖಟ್ಟಾ ಸಾರು, ಎಂದಾದರೊಂದು ದಿನ ಹುಚ್ಚೆಳ್ಳು ಚಟ್ನಿ. ಅಬ್ಬಾ ಮುದ್ದೆ ಮುರಿಯುವ ಮೊದಲು ಬೇರೆ ಯಾರೂ ಮುರಿಯುವ ಹಾಗಿರಲಿಲ್ಲ. ಅಮ್ಮ ಕೊನೆಗೆ ಉಣ್ಣುತ್ತಿದ್ದಳು, ಅದೂ ಪಾತ್ರೆಯಲ್ಲಿ ಉಳಿದಿದ್ದರೆ.

ಅಬ್ಬಾನ ತಾಯಿ, ನಮ್ಮ ದಾದಿ, ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಇಡೀ ಮನೆಯನ್ನು ಆಳುತ್ತಿದ್ದಳು. ಮಸೀದಿ ಇದ್ದದ್ದು ಪಾಳ್ಯದಲ್ಲಿ. ಗಾಳಿ ನಮ್ಮ ಕಡೆ ಬೀಸಿದರೆ ಬಾಂಗು ಕೇಳಿಸುತ್ತಿತ್ತು, ಇಲ್ಲದಿದ್ದರೆ ಇಲ್ಲ. ಗಡಿಯಾರದ ಮೇಲೆ ದಾದಿಗೆ ನಂಬಿಕೆ ಇರಲಿಲ್ಲ. "ಅದಕ್ಕೆ ಕೀಲಿ ಕೊಡೋನು ಮನುಷ್ಯ, ನೆರಳಿಗೆ ಕೀಲಿ ಕೊಡೋನು ಅಲ್ಲಾ" ಅನ್ನುತ್ತಿದ್ದಳು. ಮಧ್ಯಾಹ್ನದ ಮೇಲೆ ಸಾರಿಸಿದ ಹಿತ್ತಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಅವಳ ನೆರಳಿನ ತಲೆ ಬಿದ್ದ ಕಡೆ ನಾನೊಂದು ಕಲ್ಲಿಡಬೇಕು. ಆಮೇಲೆ ಅವಳು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂದೊಂದೇ ಪಾದ ಇಟ್ಟು ಕಲ್ಲಿನವರೆಗೆ ಎಣಿಸಿ, ನಮಾಜಿಗೆ ಹೊತ್ತಾಯಿತೋ ಇಲ್ಲವೋ ಹೇಳುತ್ತಿದ್ದಳು. ತಲಪರಿಗೆಯ ನೀರನ್ನು ಅಳೆಯುತ್ತಿದ್ದದ್ದೂ ಹೀಗೆಯೇ. ಕಾಲುವೆ ಕವಲಾಗುವ ಕಡೆ ಒಂದು ಹಾಸುಬಂಡೆ ಇತ್ತು. ನಮ್ಮ ಸರದಿ ಎಂಟು ದಿನಕ್ಕೊಮ್ಮೆ, ಬಿಸಿಲು ಬೀಳುವ ಹೊತ್ತಿನಿಂದ ನೆರಳು ಆರಡಿಗೆ ಇಳಿಯುವ ತನಕ. ಹೊತ್ತು ಏರಿದಷ್ಟೂ ನೆರಳು ಕುಗ್ಗುತ್ತದಲ್ಲ. ಆರಡಿ ಆದ ಕೂಡಲೇ ಕರಿಯಣ್ಣ ನಮ್ಮ ಮಡೆ, ಅಂದರೆ ನಮ್ಮ ಕವಲಿನ ನೀರಿನ ಬಾಯಿ, ಮುಚ್ಚಿ, ನಮ್ಮ ಪಕ್ಕದ ಹೊಲದ ರಂಗಪ್ಪನಿಗೆ ನೀರು ತಿರುಗಿಸುತ್ತಿದ್ದ. ಈ ರಂಗಪ್ಪ ಪಾವಗಡದ ಕಡೆಯವನು, ಕರಿಯಣ್ಣನ ಹೆಂಡತಿಯ ತಮ್ಮ, ನಮ್ಮೂರ ಹೆಣ್ಣನ್ನೇ ಮದುವೆಯಾಗಿ ಮನೆಅಳಿಯನಾಗಿ ಬಂದು ಸೇರಿಕೊಂಡಿದ್ದ. ಸಿಟ್ಟು ಬಂದರೂ ನಗು ಬಂದರೂ ತೆಲುಗು ಆಡುತ್ತಿದ್ದ.

ಆ ವರ್ಷ ಅಬ್ಬಾ ಹುಣಸೆಮರದಿಂದ ಬಿದ್ದ. ನಾಲ್ಕು ಜನ ಕಂಬಳಿಯಲ್ಲಿ ಹೊತ್ತು ತಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದರು. ಸೊಂಟ ಉಳುಕಿತ್ತು, ತೊಡೆಯ ಮೂಳೆ ಬಿರಿದಿತ್ತು. ಮೂರು ತಿಂಗಳು ಏಳುವ ಹಾಗಿಲ್ಲ ಅಂದುಬಿಟ್ಟರು. ಮನೆಯ ಗಂಡಸು ಮಲಗಿದರೆ ಮನೆಯಲ್ಲಿ ಏನೇನು ಬದಲಾಗುತ್ತೆ ಅಂತ ನಾನು ಅವತ್ತಿನಿಂದ ನೋಡಿದೆ. ಜಗಲಿಗೆ ಬರುವವರು ಜಗಲಿಯಲ್ಲೇ ನಿಲ್ಲದೆ ಸೀದಾ ಒಳಗೆ ಬರತೊಡಗಿದರು. ಅಬ್ಬಾನ ದನಿ ದಿನದಿನಕ್ಕೂ ದಪ್ಪವಾಯಿತು. ನೀರು ಬಿಸಿಯಾಗಿಲ್ಲ, ಸಾರಿಗೆ ಉಪ್ಪಿಲ್ಲ, ಹುಡುಗಿ ಓಡಾಡುತ್ತಾಳೆ, ಹೀಗೆ. ಅವನಿಗೆ ನೋಯುತ್ತಿತ್ತು, ಅದು ನನಗೆ ಈಗ ಅರ್ಥವಾಗುತ್ತದೆ. ಆದರೆ ಅವನ ನೋವಿಗೆ ಬೈಸಿಕೊಂಡವಳು ಅಮ್ಮ, ಅದನ್ನೂ ಬರೆಯದೆ ಬಿಡಲಾರೆ.

ಯುಗಾದಿ ಕಳೆದು ತಲಪರಿಗೆಯ ಹೂಳು ತೆಗೆಯುವ ದಿನ ಬಂತು. ಅದರ ಕಟ್ಟಳೆ ಹೀಗೆ: ಪಾಲಿರುವ ಪ್ರತಿ ಮನೆಯಿಂದ ಒಂದು ಗುದ್ದಲಿ ಬರಬೇಕು. ಕೂಲಿಯವರನ್ನು ಕಳಿಸುವಂತಿಲ್ಲ, ಮನೆಯವರೇ ಬರಬೇಕು. ಗುದ್ದಲಿ ಬಾರದ ಮನೆಗೆ ಆ ವರ್ಷ ಸರದಿ ಇಲ್ಲ. ಹೆಂಗಸರ ಕೆಲಸ ತಂಬಿಟ್ಟು ಮಾಡುವುದು, ಸಂಜೆ ಗಂಗಮ್ಮನ ಪೂಜೆಗೆ ಅಣಿ ಮಾಡುವುದು. ಆ ಪೂಜೆಯ ಹೂವು ಮಾತ್ರ ನಮ್ಮ ಮನೆಯದು, ಅಜ್ಜನ ಕಾಲದಿಂದ. ಸಾಬರ ಮನೆ ಹೂವಿಲ್ಲದೆ ನಮ್ಮೂರ ಗಂಗಮ್ಮ ಪೂಜೆ ಒಪ್ಪಿದ್ದೇ ಇಲ್ಲ. ಅವತ್ತು ಬೆಳಿಗ್ಗೆ ಅಮ್ಮ ಒಂದು ಕೈಯಲ್ಲಿ ಹೂವಿನ ಕುಕ್ಕೆ ಹಿಡಿದು, ಹೆಗಲ ಮೇಲೆ ಅಬ್ಬಾನ ಗುದ್ದಲಿ ಇಟ್ಟು ಹಿತ್ತಲ ಬಾಗಿಲು ದಾಟಿದಳು. ಮಂಚದಿಂದ ಅಬ್ಬಾ ಕೂಗಿದ:

"ಎಲ್ಲಿಗೆ? ಊರೋರ ಮುಂದೆ ನನ್ನ ಮಾನ ಕಳೀಬೇಕು ಅಂತ ಮಾಡಿದ್ದೀಯಾ?"

"ನಿಮ್ಮ ಮಾನ ಮಂಚದ ಮೇಲೆ ಭದ್ರವಾಗೈತೆ. ನೀರು ಉಳಿಸ್ಕೊಂಡು ಬರ್ತೀನಿ."

ನಾನು ಬೆನ್ನ ಹಿಂದೆಯೇ ಓಡಿದೆ. ಊಟೆಯ ಬಾಯಿಯಲ್ಲಿ ಮೂವತ್ತು ಜನ ಗಂಡಸರು, ಮೊಣಕಾಲುದ್ದ ಕೆಸರು. ಅಮ್ಮನನ್ನು ಕಂಡು ಎಲ್ಲರ ಗುದ್ದಲಿಗಳೂ ನಿಂತವು.

"ಏನ್ ಬೂಬಮ್ಮ, ಗುದ್ದಲಿ ಯಾಕ್ ತಂದೆ? ಹೂವ ಇಟ್ಬುಟ್ಟು ಹೋಗು" ಅಂದ ಕರಿಯಣ್ಣ.

"ಹೂವ ಗಂಗಮ್ಮಂಗೆ. ಗುದ್ದಲಿ ಸರದಿಗೆ."

"ಹೆಂಗ್ಸು ಊಟೆ ಬಾಯಿಗೆ ಇಳಿಯಂಗಿಲ್ಲ ಕಣಮ್ಮ. ಹಿಂದ್ಲಿಂದ ಬಂದಿರೋದು."

"ಹಂಗಾರೆ ನೀನೇ ಹೇಳು ಕರಿಯಣ್ಣ, ಗಂಗಮ್ಮ ಹೆಂಗ್ಸೋ, ಗಂಡ್ಸೋ?"

ಯಾರೋ ಕೆಸರಿನಲ್ಲಿ ನಿಂತವನು ಕಿಸಕ್ಕನೆ ನಕ್ಕ. ಕೊನೆಗೆ ಹಟ್ಟಿಯ ಹಿರಿಯಜ್ಜ ಒಬ್ಬರು ನ್ಯಾಯ ಹೇಳಿದರು: ಊಟೆಗೆ ಇಳಿಯುವುದು ಬೇಡ, ಕಾಲುವೆಯ ಹೂಳು ತೆಗೆಯಲಿ, ಗುದ್ದಲಿ ಲೆಕ್ಕಕ್ಕೆ ಬಂತು. ಅಮ್ಮ ಸೆರಗು ಸುತ್ತಿಕೊಂಡು ಕಾಲುವೆಗಿಳಿದಳು. ಶಿರಾ ಪೇಟೆಯಲ್ಲಿ ಬೆಳೆದ ಹೆಣ್ಣು, ಹೊತ್ತು ಇಳಿಯುವ ತನಕ ಕೆಸರು ಎತ್ತಿ ದಡಕ್ಕೆ ಹಾಕಿದಳು. ಮನೆಗೆ ಬಂದಾಗ ಅಂಗೈಯ ಬೊಬ್ಬೆ ಒಡೆದು ಮುದ್ದೆ ಕಟ್ಟಲಿಕ್ಕೂ ಆಗದೆ ಕೂತಿದ್ದಳು. ದಾದಿ ತಾನೇ ಮುದ್ದೆ ಕಟ್ಟಿ, ಮುರಿದು, ಸಾರಿಗೆ ಅದ್ದಿ ಸೊಸೆಯ ಬಾಯಿಗೆ ಇಟ್ಟಳು. ಅಬ್ಬಾ ಇನ್ನೂ ಮುದ್ದೆ ಮುರಿದಿರಲಿಲ್ಲ. ಅವತ್ತು ಅದನ್ನು ಯಾರೂ ನೋಡಲಿಲ್ಲ.

ಸರದಿ ಉಳಿಯಿತು ಅಂತ ನಾವು ಹಿಗ್ಗಿದ್ದೇ ಬಂತು. ಮೊದಲನೇ ಸರದಿಯಲ್ಲೇ ತೋಟದ ತುದಿಯ ಎರಡು ಪಾತಿಗೆ ನೀರು ತಲುಪಲಿಲ್ಲ. ತುಂಬಲಿಕ್ಕೆ ಎರಡು ಪಾತಿ ಬಾಕಿ ಇರುವಾಗಲೇ ಕಾಲುವೆ ಬತ್ತಿತು. ಅಬ್ಬಾ ನೀರು ಕಟ್ಟುವಾಗ ಎಲ್ಲ ಪಾತಿ ತುಂಬಿ ಬದು ಕೂಡ ನೆನೆಯುತ್ತಿತ್ತು. ಅಮ್ಮ ಕಾಲುವೆ ಎಲ್ಲೋ ಸೋರುತ್ತಿದೆ ಅಂದುಕೊಂಡು ಜೇಡಿಮಣ್ಣು ತಂದು ಉದ್ದಕ್ಕೂ ಮೆತ್ತಿದಳು. ಎರಡನೇ ಸರದಿಯಲ್ಲೂ ಅದೇ ಎರಡು ಪಾತಿ ಒಣಗಿದವು. ಆ ಪಾತಿಗಳ ಸೇವಂತಿಗೆ ಬಾಡಿ ತಲೆ ಬಗ್ಗಿಸಿತು. ಅಮ್ಮ ಬಿಂದಿಗೆಯಲ್ಲಿ ಹೊತ್ತು ಹೊತ್ತು ಹಾಕಿದಳು. ಬಿಂದಿಗೆ ನೀರಿಗೆ ಪಾತಿ ನೆನೆಯುತ್ತದೆಯೇ? ಮಂಚದಿಂದ ಮಾತು ಬಂತು:

"ನೀರು ಕಟ್ಟೋದು ಅಂದ್ರೆ ಹೂವ ಕಟ್ಟಿದಂಗಲ್ಲ. ಪೇಟೆ ಹೆಣ್ಣಿಗೆ ಏನ್ ಗೊತ್ತು."

ಇದನ್ನು ಎಲ್ಲಿಂದ ಕೇಳಿಸಿಕೊಂಡನೋ, ರಂಗಪ್ಪ ಮಾರನೇ ದಿನ ಬಂದು ಮಂಚದ ಪಕ್ಕ ಕೂತ. ಅಮ್ಮನ ಕೈಯಿಂದಲೇ ಚಾ ಇಸಿದುಕೊಂಡು ಕುಡಿದ. "ಸಾಬ್ರೇ, ನೀವು ಏಳೋವರೆಗೂ ತೋಟ ನಂಗೆ ವಾರಕ್ಕೆ ಕೊಟ್ಬುಡ್ರಿ. ಬೆಳೆದಿದ್ರಾಗೆ ಅರ್ಧ ನಿಮ್ಮ ಮನೆಗೇ ತಂದಾಕ್ತೀನಿ. ಸರದಿನೂ ನಾನೇ ನೋಡ್ಕಂತೀನಿ" ಅಂದ. ವಾರಕ್ಕೆ ಕೊಟ್ಟ ತೋಟ ಬಡವರ ಮನೆಗೆ ತಿರುಗಿ ಬಂದದ್ದನ್ನು ನಮ್ಮ ಹಳ್ಳ ಕಂಡಿಲ್ಲ. ಜೊತೆಗೆ ಸರದಿಯೂ ಹೋಗುತ್ತದೆ, ಹೂವೂ ಹೋಗುತ್ತದೆ, ಅಮ್ಮನಿಗೆ ಬೇರೆಯವರ ಹೊಲದ ಕಳೆ ಉಳಿಯುತ್ತದೆ. ಇದು ಅಬ್ಬಾನಿಗೂ ಗೊತ್ತಿತ್ತು. ಆದರೂ ಅವನು ಅಂದದ್ದು, "ಇನ್ನೆರಡು ಸರದಿ ನೋಡಾಣ. ಪಾತಿ ನೆನೀಲಿಲ್ಲ ಅಂದ್ರೆ ನೀನೇ ನೋಡ್ಕೋ." ಅಮ್ಮ ಒಲೆಯ ಮುಂದೆ ಕೂತು ಅದನ್ನು ಕೇಳಿಸಿಕೊಂಡಳು. ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಮತ್ತೆ ಊದಿದಳು.

ಮೂರನೇ ಸರದಿಗೆ ಅಮ್ಮ ನನ್ನನ್ನು ಹಾಸುಬಂಡೆಗೆ ಕಳಿಸಿದಳು. ಅವಳು ಪಾತಿ ಬಿಟ್ಟು ಬರುವ ಹಾಗಿರಲಿಲ್ಲ. "ನೂರಿ, ಹೋಗಿ ನೋಡು. ಆರಡಿ ಆಗೋ ಮುಂಚೆ ಮಡೆ ಮುಚ್ಚಿದ್ರೆ ಕೂಗು" ಅಂದಳು. ನಾನು ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕಾದೆ. ಕರಿಯಣ್ಣ ಬಂದ, ತನ್ನ ನೆರಳಿನ ತಲೆ ಎಲ್ಲಿ ಬಿತ್ತು ಅಂತ ಗುರುತು ಹಿಡಿದ, ಕಾಲು ಇಡುತ್ತ ಎಣಿಸಿದ, "ಆರು" ಅಂದ. ನನಗೆ ನಂಬಿಕೆ ಬರಲಿಲ್ಲ. ಅವನು ನಿಂತಿದ್ದ ಜಾಗದಿಂದ ಅದೇ ಗುರುತಿನವರೆಗೆ ನಾನೂ ಪಾದ ಇಟ್ಟು ಎಣಿಸಿದೆ. ಒಂಬತ್ತು! ಗಂಟಲು ಹರಿಯುವ ಹಾಗೆ ಕೂಗಿದೆ:

"ಒಂಬತ್ತಡಿ ಐತೆ! ಇನ್ನೂ ಮೂರಡಿ ನಮ್ದು! ಕಳ್ತನ ಮಾಡ್ತಾವ್ರೆ!"

ಹೊಲಗಳಲ್ಲಿದ್ದವರೆಲ್ಲ ಬಂದರು. ಕರಿಯಣ್ಣ ನನ್ನ ಕಾಲು ನೋಡಿದ, ತನ್ನ ಕಾಲು ನೋಡಿದ, ಹೊಟ್ಟೆ ಹಿಡಿದು ನಕ್ಕ.

"ನನ್ ನೆರಳ ನಿನ್ ಕಾಲಾಗೆ ಅಳೀತಿಯೇನಮ್ಮಿ? ಹಂಗಾರೆ ನಿನ್ ಲಂಗ ನಾನ್ ಉಟ್ಕಳ್ಳಾನಾ?"

"ಏಂ ಪಿಲ್ಲಮ್ಮಾ ಇದಿ!", ಎಂಥಾ ಹುಡುಗಿಯಪ್ಪಾ ಇದು, ಅಂತ ರಂಗಪ್ಪ ತೊಡೆ ತಟ್ಟಿಕೊಂಡ. ಬಂದವರೆಲ್ಲ ನಕ್ಕರು. ಓಡಿ ಬಂದ ಅಮ್ಮ ನಡೆದದ್ದು ಕೇಳಿ, ಎಲ್ಲರೆದುರಿಗೇ ನನ್ನ ಬೆನ್ನಿಗೆ ಒಂದು ಬಿಟ್ಟಳು. ಅವಳು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಆ ಏಟು ಈಗಲೂ ನನಗೆ ಉರಿಯುತ್ತದೆ, ಆದರೆ ಸಿಟ್ಟು ಅಮ್ಮನ ಮೇಲಲ್ಲ. ಮನೆಯಲ್ಲಿ ಅಬ್ಬಾ, "ಬಡವನ ಸಿಟ್ಟು ದವಡೆಗೆ ಮೂಲ. ನೀರುಗಂಟಿನ ಕಳ್ಳ ಅಂದ್ಬುಟ್ಟು ನಾಳೆ ಈ ಊರಾಗೆ ಬಾಳೋದು ಹೆಂಗೆ?" ಅಂದ. ಮುಂದಿನ ಸರದಿ ಆದ ಮೇಲೆ ರಂಗಪ್ಪನನ್ನು ಕರೆಸಿ ಅಂತಲೂ ಅಂದ.

ನಾನು ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ಮಧ್ಯಾಹ್ನ ದಾದಿ ಕೋಲಿನಿಂದ ಚುಚ್ಚಿ ಎಬ್ಬಿಸಿದಳು, "ಏಳೇ, ಕಲ್ಲಿಡೋಕೆ ಬಾ" ಅಂತ. ಮುಖ ಊದಿಸಿಕೊಂಡೇ ಹೋದೆ. ದಾದಿ ಹಿತ್ತಲ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಬಿಸಿಲಿಗಿಳಿದಳು. ನೆಲ ಕಾದ ಹೆಂಚು. ಅವಳು ಅಂಗಾಲು ಎತ್ತಿ ಎತ್ತಿ ಇಡುತ್ತಿದ್ದಳು.

"ಕಾಲು ಸುಡ್ತೈತಲ್ಲ ದಾದಿ, ಚಪ್ಲಿ ಹಾಕ್ಕೊಂಡೇ ಅಳೀಬಾರದಾ?"

"ಚಪ್ಲಿ ನನ್ನ ಕಾಲಿಗಿಂತ ಉದ್ದ ಐತಲ್ಲ ಬೇಟಿ. ಅದನ್ನ ಹಾಕ್ಕೊಂಡು ಎಣಿಸಿದ್ರೆ ಲೆಕ್ಕ ಕಮ್ಮಿ ಬರ್ತೈತೆ. ನಮ್ಮ ನೆರಳು, ನಮ್ಮ ಕಾಲು, ಬರಿಗಾಲು. ಆಗ ಮಕ್ಕಳಿಗೂ ಮುದುಕರಿಗೂ ಒಂದೇ ಲೆಕ್ಕ."

ಕೈಯಲ್ಲಿದ್ದ ಕಲ್ಲನ್ನು ನಾನು ಅಲ್ಲೇ ಬಿಟ್ಟೆ. ಕರಿಯಣ್ಣನ ಕಾಲು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಆ ವರ್ಷ ಅವನು ಲಾರಿ ಟೈರಿನ ಹೊಸ ಎಕ್ಕಡ ಮಾಡಿಸಿಕೊಂಡಿದ್ದ. ಹಿಂದೆ ಎರಡು ಬೆರಳು, ಮುಂದೆ ಎರಡು ಬೆರಳು ಹೊರಗೆ ಚಾಚುವಂಥ ಎಕ್ಕಡ. ಅದನ್ನು ಮೆಟ್ಟಿಕೊಂಡೇ ಅವನು ಅಳೆದಿದ್ದ. ಅಬ್ಬಾ ಚೆನ್ನಾಗಿದ್ದಾಗ ತಾನೂ ಬಂಡೆಯ ಮೇಲೆ ನಿಂತು ಬರಿಗಾಲಲ್ಲಿ ಅಳೆಯುತ್ತಿದ್ದ, ಎಲ್ಲ ಮನೆಯ ಗಂಡಸರೂ ಹಾಗೇ ಮಾಡುತ್ತಿದ್ದರು. ಈ ವರ್ಷ ಅಲ್ಲಿ ನಿಲ್ಲುವ ಗಂಡಸಿಲ್ಲದ ಮನೆ ನಮ್ಮದೊಂದೇ. ನಾನು ಅಡಿಗೆಮನೆಗೆ ಓಡಿ ಅಮ್ಮನಿಗೆ ಹೇಳಿದೆ. ಅಮ್ಮ ಮೊದಲು ನಂಬಲಿಲ್ಲ. "ಸಾಕು ಸುಮ್ನಿರು, ನಕ್ಕಿದ್ದು ಸಾಲದಾ" ಅಂದಳು. ಆಮೇಲೆ ಏನನ್ನಿಸಿತೋ, ಅಬ್ಬಾನ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಬಂದಳು. ಚಪ್ಪಲಿಯಲ್ಲಿ ಎಣಿಸಿದಳು, ಬಿಟ್ಟು ಎಣಿಸಿದಳು. ಒಂದಡಿಗೂ ಮೇಲೆ ವ್ಯತ್ಯಾಸ ಬಂತು. ಒಂದಡಿ ನೆರಳು ಕುಗ್ಗುವಷ್ಟರಲ್ಲಿ ಎರಡು ಪಾತಿ ತುಂಬುತ್ತದೆ ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ನನ್ನ ತಲೆ ಮೇಲೆ ಕೈ ಇಟ್ಟಳು, ಆಮೇಲೆ ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡಳು.

ನಾಲ್ಕನೇ ಸರದಿಯ ದಿನ ದಾದಿಯನ್ನು ಕೋಲು ಸಮೇತ ಪಾತಿಯ ಹತ್ತಿರ ಕೂರಿಸಿ, ನಾವಿಬ್ಬರೂ ಬಂಡೆಗೆ ಹೋದೆವು. ರಂಗಪ್ಪ ಆಗಲೇ ತನ್ನ ಗುದ್ದಲಿ ಊರಿಕೊಂಡು ನಿಂತಿದ್ದ. ಕರಿಯಣ್ಣ ಅಳೆದ. "ಆರು" ಅಂದ. ಮಡೆ ಮುಚ್ಚಲು ಬಗ್ಗಿದ. ಅಮ್ಮ ಕಾಲುವೆಗಿಳಿದು ಮಡೆಗೆ ಅಡ್ಡ ನಿಂತಳು. ಕರಿಯಣ್ಣ ತಲೆಯೆತ್ತಿ ನೋಡಿದ. ನಾನು ಬಂಡೆಯ ಮೇಲಿಂದ ಅಂದೆ:

"ಎಕ್ಕಡ ಬುಟ್ಟು ಅಳೀ ಮಾವ."

"ಏನಂದೆ?"

"ಎಕ್ಕಡ ಬುಟ್ಟು ಅಳೀ."

"ಲೇ, ಇದ್ಯಾವಳ್ಲಾ ಇವಳು! ಮೊನ್ನೆ ಮಾನ ಹೋಗಿದ್ದು ಸಾಲ್ದಾ? ನನ್ ಕಾಲಾಗೆ ಆಣಿ ಎದ್ದೈತೆ. ಕಲ್ಲು ಒತ್ತಿದ್ರೆ ಪ್ರಾಣ ಹೋಗ್ತದೆ."

"ಹಂಗಾರೆ ನಾನ್ ಅಳೀತೀನಿ. ನನ್ ನೆರಳು, ನನ್ ಕಾಲು."

ಅಮ್ಮ ನನ್ನ ನೆರಳಿನ ತಲೆಗೆ ಕಲ್ಲಿಟ್ಟಳು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗಟ್ಟಿಯಾಗಿ ಎಣಿಸಿದೆ. ಏಳು. "ಮಕ್ಕಳ ಕಾಲು ಲೆಕ್ಕಕ್ಕಿಲ್ಲ, ನೀನು ತಿರುಗ್ಸು ಭಾವ" ಅಂತ ರಂಗಪ್ಪ ಅವಸರ ಮಾಡಿದ. ಅಷ್ಟರಲ್ಲಿ ಹಟ್ಟಿಯ ಚಿತ್ತಮ್ಮ ಕುರಿ ಹೊಡೆದುಕೊಂಡು ಹಳ್ಳ ದಾ‌ಟುತ್ತಿದ್ದಳು. ಆಳುದ್ದದ ಹೆಂಗಸು, ಯಾರಿಗೂ ಅಂಜದವಳು. ಅಮ್ಮ ಕೂಗಿದಳು:

"ಚಿತ್ತಮ್ಮಾ, ಒಂದ್ಗಳಿಗೆ ಬಾರೇ. ನಿನ್ ನೆರಳ ಅಳೆದ್ಬುಟ್ಟು ಹೋಗು."

ಚಿತ್ತಮ್ಮ ಯಾಕೆ ಅಂತಲೂ ಕೇಳಲಿಲ್ಲ. ಕೋಲು ನನ್ನ ಕೈಗೆ ಕೊಟ್ಟು ಬಿಸಿಲಿಗೆ ಬೆನ್ನು ಮಾಡಿ ನಿಂತಳು, ನಾನು ಕಲ್ಲಿಟ್ಟೆ, ಅವಳು ಎಣಿಸಿದಳು. "ಏಳು. ಎರಡು ಬೆರಳು ಕಮ್ಮಿ ಏಳು" ಅಂದಳು. ಆಮೇಲೆ ಕರಿಯಣ್ಣನ ಕಾಲ ಕಡೆ ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಏನ್ ಕರಿಯಣ್ಣ, ಸೂರ್ಯಪ್ಪ ನಮಗೊಂದು ಹೊತ್ತು, ನಿನ್ ಎಕ್ಕಡಕ್ಕೊಂದು ಹೊತ್ತು ಕೊಟ್ಟವ್ನಾ?"

"ನಾನೇನ್ ಹೇಳ್ಕೊಟ್ಟಿಲ್ಲಪ್ಪ ಅವ್ನಿಗೆ!" ಅಂದುಬಿಟ್ಟ ರಂಗಪ್ಪ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವನು ಅನ್ನುವ ಮೊದಲೇ ಮುಟ್ಟಿಕೊಂಡ. ಕರಿಯಣ್ಣ ಒಂದು ಗಳಿಗೆ ಭಾವಮೈದನ ಮುಖ ನೋಡಿದ. ಆಮೇಲೆ ಬಂಡೆಯ ಮೇಲೆ ಕೂತು ಎಕ್ಕಡ ಬಿಚ್ಚಿದ. ಆಣಿ ನಿಜವಾಗಿಯೂ ಇತ್ತು, ಗುಲಗಂಜಿ ಗಾತ್ರ. ಕುಂಟುತ್ತ ಪಾದ ಇಟ್ಟು ಎಣಿಸಿದ. ಏಳಾಯಿತು. ಮಡೆಯಿಂದ ದೂರ ಸರಿದು ನಿಂತ.

"ಆಯ್ತು ಬೂಬಮ್ಮ. ಆರಕ್ಕೆ ಬರೋಗಂಟ ಹರೀಲಿ."

"ಇವತ್ತಿಂದು ಆಯ್ತು. ಹೋದ ಮೂರು ಸರದಿದು?"

"ಅದನ್ನ ಎಲ್ಲಿಂದ ತರಾನ? ಹರಿದೋಗಿರೋ ನೀರು."

"ಹರಿದೋಗಿದ್ದು ರಂಗಪ್ಪನ ಹೊಲಕ್ಕೆ. ಮುಂದಿನ ಮೂರು ಸರದಿ ನಂಗೆ ಐದಡಿವರೆಗೂ ಬುಡು."

ರಂಗಪ್ಪ ತೆಲುಗಿನಲ್ಲಿ ಏನೇನೋ ಎಗರಾಡಿದ. ಚಿತ್ತಮ್ಮ ಕುರಿ ಬಿಟ್ಟು ಅಲ್ಲೇ ಕೂತಳು, "ನ್ಯಾಯ ಆಗೋಗಂಟ ನಾನ್ ಏಳಲ್ಲ" ಅಂತ. ಕುರಿಗಳು ರಂಗಪ್ಪನ ಬದು ಹತ್ತಿದವು. ಅವನು ಕುರಿ ಅಟ್ಟಲು ಓಡಿದ, ಕರಿಯಣ್ಣ "ಐದಡಿ, ಐದಡಿ" ಅಂತ ಕೈಮುಗಿದ. ಅವತ್ತು ಕೊನೆಯ ಪಾತಿಗೆ ನೀರು ಬಂದಾಗ ದಾದಿ ಕೋಲಿನಿಂದ ಕೆಸರು ಕಲಕುತ್ತ ಕೂತಿದ್ದಳು. ಕರಿಯಣ್ಣ ಗೊತ್ತಿಲ್ಲದೆ ಮಾಡಿರಬೇಕು, ಆಣಿ ಇತ್ತಲ್ಲ ಪಾಪ, ಅಂದಳು. ಇರಬಹುದು. ಈ ವಯಸ್ಸಿನಲ್ಲೂ ನನಗೆ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಗೊತ್ತಿಲ್ಲದೆ ಆಗುವ ತಪ್ಪುಗಳು ಯಾವಾಗಲೂ ಕೇಳುವವರಿಲ್ಲದ ಮನೆಗೇ ಯಾಕೆ ಆಗುತ್ತವೆ? ಇದ್ದವರ ಪಾತಿ ಒಂದು ಸಲವಾದರೂ ಗೊತ್ತಿಲ್ಲದೆ ಒಣಗಿದ್ದನ್ನು ಯಾರಾದರೂ ನನಗೆ ತೋರಿಸಲಿ.

ತೋಟ ವಾರಕ್ಕೆ ಕೊಡುವ ಮಾತನ್ನು ಅಬ್ಬಾ ಮತ್ತೆ ಎತ್ತಲಿಲ್ಲ. ಅಮ್ಮನನ್ನು ಹೊಗಳಲೂ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಆದರೆ ಚಿತ್ತಮ್ಮ ಬಂದು ಮಂಚದ ಪಕ್ಕ ಕೂತು ನಡೆದದ್ದನ್ನೆಲ್ಲ ಕರಿಯಣ್ಣನ ಕುಂಟುಗಾಲಿನ ಸಮೇತ ಹೇಳಿದ ದಿನ ಅವನು ನಕ್ಕ, ಬಿದ್ದ ಮೇಲೆ ಮೊದಲನೇ ಸಲ. ಐದಡಿಯ ಮೂರು ಸರದಿಗಳೂ ಮುಗಿದವು. ಬಾಡಿದ ಸೇವಂತಿಗೆ ಚಿಗುರಿ ಮೊಗ್ಗು ಕಟ್ಟಿತು. ಅಬ್ಬಾ ಎದ್ದು ಕೂತ, ಗೋಡೆ ಹಿಡಿದು ನಿಂತ, ದಾದಿಯ ಕೋಲು ಇಸಿದುಕೊಂಡು ಹಿತ್ತಲವರೆಗೆ ನಡೆದ. ಒಂದು ಸರದಿಯ ಬೆಳಿಗ್ಗೆ, ಯಾರಿಗೂ ಹೇಳದೆ, ಕೋಲೂರಿಕೊಂಡು ಬಂಡೆಗೇ ಬಂದುಬಿಟ್ಟ. ಕರಿಯಣ್ಣನ ಮುಖ ಅರಳಿತು.

"ಬಂದ್ಬುಟ್ರಾ ಸಾಬ್ರೇ! ಸದ್ಯ, ಬದುಕ್ದೆ. ಹೆಂಗಸ್ರ ಕೂಟೆ ಏಗಕ್ಕಾಗಾಕಿಲ್ಲ ಕಣ್ರೀ. ಬರ್ರಿ, ಇನ್ ನೀವೇ ಅಳೀರಿ."

ಅಬ್ಬಾ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಕಾಲಿಟ್ಟ. ಅಮ್ಮ ಮಡೆಯ ಹತ್ತಿರ ಗುದ್ದಲಿ ಹಿಡಿದು ನಿಂತಿದ್ದಳು. ಅವಳ ಅಂಗೈಯ ಬೊಬ್ಬೆಗಳು ಆ ಹೊತ್ತಿಗೆ ಜಡ್ಡುಗಟ್ಟಿದ್ದವು. ಅವಳು ಜಾಗ ಬಿಡಲಿಲ್ಲ.

"ನೀವ್ಯಾಕೆ ಬಿಸಿಲಾಗೆ ನಿಲ್ತೀರಿ?"

"ಅಳೀಬೇಕಲ್ಲ."

"ಅಳೆಯೋಕೆ ನಾನಿದ್ದೀನಿ. ನೀವು ಕೊನೇ ಪಾತಿ ಹತ್ರ ಹೋಗಿ. ತುಂಬಿದ್ರೆ ಕೂಗಿ."

ಕರಿಯಣ್ಣ, ರಂಗಪ್ಪ, ಪಕ್ಕದ ಹೊಲದವರು, ಎಲ್ಲರೂ ಅಬ್ಬಾನ ಮುಖ ನೋಡುತ್ತಿದ್ದರು. ನಾನೂ ನೋಡಿದೆ. ಈಗ ಕೂಗುತ್ತಾನೆ, ಕೋಲು ಎತ್ತುತ್ತಾನೆ ಅಂತ ನಾನು ಅಮ್ಮನ ಸೆರಗು ಹಿಡಿದುಕೊಂಡೆ. ಅವನು ಅಮ್ಮನ ಕಡೆ ನೋಡಿದ. ಅಮ್ಮ ಕಣ್ಣು ತಗ್ಗಿಸಲಿಲ್ಲ. ಆಮೇಲೆ ಅವನು ಬಗ್ಗಿ ಚಪ್ಪಲಿ ಮೆಟ್ಟಿಕೊಂಡು, ಕೋಲೂರಿಕೊಂಡು, ಬದುವಿನ ಮೇಲೆ ನಿಧಾನವಾಗಿ ತೋಟದ ತುದಿಗೆ ನಡೆದ. ರಂಗಪ್ಪ ಏನೋ ಅನ್ನಲು ಹೋದ, ಕರಿಯಣ್ಣ ಸುಮ್ಮನಿರು ಅಂತ ಕೈ ತೋರಿಸಿದ. ಎಷ್ಟೋ ಹೊತ್ತಿನ ಮೇಲೆ ಸೇವಂತಿಗೆಯ ಆಚೆಯಿಂದ ನಮ್ಮಪ್ಪನ ದನಿ ಕೇಳಿಸಿತು. ಮಂಚದ ಮೇಲಿನ ದನಿಯಲ್ಲ ಅದು.

"ತುಂಬ್ತೂ! ತುಂಬ್ತು ಕಣೇ!"

ಕರಿಯಣ್ಣ ಮಡೆಗೆ ಕೈ ಹಾಕಿದ. ಆಗಷ್ಟೇ ತನ್ನ ನೆರಳು ಅಳೆದಿದ್ದ ಅಮ್ಮ ಗುದ್ದಲಿ ಅಡ್ಡ ಹಿಡಿದಳು.

"ಕೈ ತೆಗಿ ಕರಿಯಣ್ಣ. ಇನ್ನೂ ಅರ್ಧ ಅಡಿ ಐತೆ."